ಒಂದು ಅಂಬಾಸಡರ್, ನಾಲ್ಕು ಗಾಲಿ, ನಾಲ್ಕು ಥರದ ಟೈರ್

ಮೂರು ವಾರ ಕೂತು ಬಣ್ಣ ಹೊಡೆದ ಪುಟ್ಟ ಅಂಬಾಸಡರ್ ಕಾರನ್ನು ಕಾಕಾನ ಕೈಗೆ ಕೊಟ್ಟೆ. ಅವರು ಬಣ್ಣ ನೋಡಲಿಲ್ಲ. ಬಂಪರ್‌ಗೆ ಅಷ್ಟು ಕಷ್ಟಪಟ್ಟು ಅಂಟಿಸಿದ್ದ ಬೆಳ್ಳಿ ಹಾಳೆಯನ್ನೂ ನೋಡಲಿಲ್ಲ. ಕನ್ನಡಕ ಹಣೆಗೆ ಸರಿಸಿ, ಕಾರನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಸೀದಾ ಗಾಲಿ ನೋಡಿದರು.

"ಮ್ಯಾಲಿಂದೇನೋ ಅಂಬಾಸಡರ್ ಐತಿ ತಮ್ಮಾ. ಕೆಳಗ ಟ್ರ್ಯಾಕ್ಟರ್ ಟ್ರೇಲಿ ಗಾಲಿ ಯಾಕ ಹಾಕೀದಿ?"

ಕಾಕಾ ಬೆಳಗಾವಿ ಸ್ಟೇಷನ್ ಮುಂದೆ 22 ವರ್ಷ ಅಂಬಾಸಡರ್ ಟ್ಯಾಕ್ಸಿ ಓಡಿಸಿದವರು. ಚೋರ್ಲಾ ಘಾಟ್ ಇಳಿದು ಪಣಜಿ, ಇಲ್ಲಾಂದ್ರೆ ಕೊಲ್ಲಾಪುರ, ವಾರದಲ್ಲಿ ನಾಲ್ಕೈದು ಟ್ರಿಪ್ ಇರುತ್ತಿದ್ದವು. ಘಾಟ್‌ನಲ್ಲಿ ಮಳೆಗೆ ನಿಂತು ಎಷ್ಟು ಸಲ ಗಾಲಿ ಬಿಚ್ಚಿದ್ದಾರೋ ಲೆಕ್ಕವಿಲ್ಲ. ಅಂಥವರ ಕಣ್ಣಿಗೆ ಸುಳ್ಳು ಹೇಳೋದು ಕಷ್ಟ. ಆದರೂ ನನಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲಿ ಶುರುವಾದದ್ದೇ ಈ ಹೋಲಿಕೆ: ಒಂದೇ ಕಾರು, ನಾಲ್ಕು ಮೂಲೆಗೆ ನಾಲ್ಕು ಬೇರೆ ಬೇರೆ ರೀತಿಯಲ್ಲಿ ಮಾಡಿದ ಟೈರ್. ಬೇರೆ ಬೇರೆ ಕಾರಿಗೆ ಹಾಕಿ ನೋಡಿದರೆ ಯಾವುದು ಸರಿ ಅಂತ ಗೊತ್ತಾಗೋದಿಲ್ಲ, ಪಕ್ಕಪಕ್ಕದಲ್ಲೇ ಇರಬೇಕು.

ಮೊದಲು ಅಳತೆ. ಇದನ್ನು ನಾನು ಕೊನೆಗೆ ಮಾಡಿದೆ, ನೀವು ಮೊದಲು ಮಾಡಿ.

ಆಟಿಕೆ ಕಾರಿನ ಡಬ್ಬದ ಮೇಲೆ ಎಷ್ಟೋ ಸಲ ಸ್ಕೇಲ್, ಅಂದರೆ ಅದು ನಿಜವಾದ ಕಾರಿನ ಎಷ್ಟನೇ ಒಂದು ಭಾಗ ಅನ್ನೋದು, ಬರೆದಿರೋದೇ ಇಲ್ಲ. ಬರೆದಿದ್ದರೂ ನಂಬಬೇಡಿ. ಮುಂದಿನ ಗಾಲಿಯ ನಡುವಿನಿಂದ ಹಿಂದಿನ ಗಾಲಿಯ ನಡುವಿನವರೆಗೆ ವರ್ನಿಯರ್ (ಸೂಕ್ಷ್ಮ ಅಳತೆಯ ಸಾಧನ) ಹಿಡಿದು ಅಳೆಯಿರಿ. ಈ ದೂರಕ್ಕೆ ವೀಲ್‌ಬೇಸ್ ಅಂತಾರೆ. ನನ್ನದು 68.5 ಮಿ.ಮೀ. ಬಂತು. ನಿಜವಾದ ಅಂಬಾಸಡರ್‌ನ ವೀಲ್‌ಬೇಸ್ 2464 ಮಿ.ಮೀ. ಭಾಗಿಸಿದರೆ ಹತ್ತಿರ ಹತ್ತಿರ 36. ಅಂದರೆ ಇದು 1/36 ಸ್ಕೇಲ್. ಇನ್ನು ಮುಂದೆ ನಿಜವಾದ ಕಾರಿನ ಯಾವ ಭಾಗ ಅಳೆದರೂ 36ರಿಂದ ಭಾಗಿಸಿದರೆ ಆಯ್ತು.

ನಿಜವಾದ ಟೈರ್ ಎಲ್ಲಿ ಅಳೆಯೋದು? ಕಾಕಾನ ಕಾರು ಗುಜರಿಗೆ ಹೋಗಿ ಬಹಳ ದಿನವಾಯ್ತು. ಆದರೆ ಅದರ ಸ್ಟೆಪ್ನಿ ಮಾತ್ರ ಇನ್ನೂ ಅಟ್ಟದ ಮೇಲಿದೆ. ಯಾಕೆ ಇಟ್ಟುಕೊಂಡಿದ್ದೀರಿ ಅಂತ ಕೇಳಿದರೆ ಇರಲಿ ಅಂತಾರೆ, ಅಷ್ಟೇ. ಇಳಿಸಿ, ಗಾಳಿ ತುಂಬಿಸಿ, ಅಂಗಳದಲ್ಲಿ ಗೋಡೆಗೆ ಒರಗಿಸಿ ಟೇಪ್ ಹಿಡಿದೆ. ಟೈರ್ ಮೇಲೆ 5.90-15 ಎಂದು ಅಚ್ಚಾಗಿದೆ. ಮೊದಲನೆಯದು ಟೈರ್‌ನ ಅಗಲ, ಎರಡನೆಯದು ರಿಮ್ಮಿನ ಅಳತೆ, ಎರಡೂ ಇಂಚಿನಲ್ಲಿ. ಒಟ್ಟು ಎತ್ತರ 65 ಸೆಂ.ಮೀ. ಹೊಟ್ಟೆ ಉಬ್ಬಿದ ಕಡೆ ಅಗಲ 15 ಸೆಂ.ಮೀ. ಆದರೆ ರಸ್ತೆಗೆ ತಾಗುವ ಗ್ರಿಪ್ ಭಾಗ ಬರೀ 10.8 ಸೆಂ.ಮೀ.

ಆ ಮೂರನೇ ಅಳತೆ ಎದುರಿಗೆ ಬಂದಾಗಲೇ ನನಗೆ ಬುದ್ಧಿ ಬಂದದ್ದು. ಹಳೇ ಕಾಲದ ಟೈರ್ ಡಬ್ಬಿಯ ಹಾಗೆ ಚೌಕ ಇರೋದಿಲ್ಲ. ಹೊಟ್ಟೆ ದಪ್ಪ, ತಲೆ ಸಣ್ಣ, ಭುಜ ದುಂಡು. ಈಗಿನ ರೇಡಿಯಲ್ ಟೈರ್‌ನಲ್ಲಿ ಗ್ರಿಪ್ ಭಾಗ ಹೆಚ್ಚುಕಡಿಮೆ ಟೈರ್‌ನಷ್ಟೇ ಅಗಲ ಇರುತ್ತದೆ. ಆಟಿಕೆ ಮಾಡುವವರು ಎಲ್ಲಾ ಕಾರಿಗೂ ಅದೇ ಚೌಕದ ಟೈರ್ ಹಾಕಿಬಿಡ್ತಾರೆ.

36ರಿಂದ ಭಾಗಿಸಿದೆ. ಬೇಕಾದದ್ದು: ಎತ್ತರ 18 ಮಿ.ಮೀ., ಅಗಲ 4.2, ಗ್ರಿಪ್ 3. ನನ್ನ ಆಟಿಕೆಯಲ್ಲಿ ಇದ್ದದ್ದು: ಎತ್ತರ 16.2, ಅಗಲ 6.8. ಇದನ್ನೇ ತಿರುಗಿಸಿ 36ರಿಂದ ಗುಣಿಸಿ ನೋಡಿ. ಸುಮಾರು 24.5 ಸೆಂ.ಮೀ. ಅಗಲದ ಟೈರ್! ಅಂಬಾಸಡರ್‌ಗೆ ಈಗಿನ ದೊಡ್ಡ ಎಸ್‌ಯುವಿ ಗಾಲಿ ಹಾಕಿದ ಹಾಗೆ. ಕಾಕಾ ಟ್ರೇಲಿ ಅಂದದ್ದು ಸುಮ್ನೆ ಅಲ್ಲ.

ಇನ್ನೊಂದು ಮಾತು. 15 ಇಂಚಿನ ರಿಮ್ ಅಂದರೆ 381 ಮಿ.ಮೀ., ಭಾಗಿಸಿದರೆ 10.6. ಆದರೆ ಆ 15 ಇಂಚು ಟೈರ್ ಒಳಗೆ ಕೂರುವ ಜಾಗದ ಅಳತೆ. ಹೊರಗೆ ನಮ್ಮ ಕಣ್ಣಿಗೆ ಕಾಣುವ ರಿಮ್ಮಿನ ಅಂಚು ಅದಕ್ಕಿಂತ ದೊಡ್ಡದು. ಹಾಗಾಗಿ 11 ಮಿ.ಮೀ. ಇಟ್ಟುಕೊಂಡರೆ ಸರಿಹೋಗುತ್ತದೆ. ಇದು ಗೊತ್ತಿಲ್ಲದೆ ಮೊದಲ ರಿಮ್ ಸಣ್ಣದು ಮಾಡಿ ಹಾಳು ಮಾಡಿದೆ.

ಈಗ ಟೈರ್‌ಗಳಿಗೆ ಬರೋಣ.

ಮುಂದಿನ ಬಲಗಾಲಿಗೆ ಹಾಕಿದ್ದು ಆಟಿಕೆಯ ಸ್ವಂತ ಟೈರ್, ಆದರೆ ಕೊಯ್ದು ತಿದ್ದಿದ್ದು. ಖರ್ಚು ಹತ್ತಿರ ಹತ್ತಿರ ಸೊನ್ನೆ. ಒಂದು ಬೋಲ್ಟ್‌ಗೆ ಟೈರ್ ತೂರಿಸಿ, ಎರಡೂ ಕಡೆ ವಾಷರ್ ಇಟ್ಟು ನಟ್ ಬಿಗಿದು, ಬೋಲ್ಟ್‌ನ ಬಾಲವನ್ನು ಡ್ರಿಲ್ ಮಷಿನ್‌ನ ಚಕ್‌ಗೆ ಹಾಕಿದೆ. ಡ್ರಿಲ್ ಮೆಲ್ಲಗೆ ತಿರುಗುವಾಗ ಸೋಪಿನ ನೀರಲ್ಲಿ ಅದ್ದಿದ ಹೊಸ ಬ್ಲೇಡ್ ತಾಗಿಸಿದರೆ ಬೆಣ್ಣೆಯ ಹಾಗೆ ಕೊಯ್ಯುತ್ತದೆ. ಒಳಗಿನ ಕಡೆಯಿಂದ 2.6 ಮಿ.ಮೀ. ತೆಗೆದೆ. ಕಣ್ಣಿಗೆ ಕನ್ನಡಕ ಇರಲಿ. ಸೋಪಿನ ನೀರು ಬಿಟ್ಟರೆ ಬಿಸಿಗೆ ಪ್ಲಾಸ್ಟಿಕ್ ಕರಗಿ ಬ್ಲೇಡ್‌ಗೇ ಅಂಟಿಕೊಳ್ಳುತ್ತದೆ.

ಅಗಲ ಸರಿಯಾಯ್ತು. ಎತ್ತರ? ಕಡಿಮೆ ಮಾಡೋದು ಸುಲಭ, ಜಾಸ್ತಿ ಮಾಡೋದು ಹೇಗೆ? ಪಂಕ್ಚರ್ ಅಂಗಡಿಯಲ್ಲಿ ಎಸೆದಿದ್ದ ಸೈಕಲ್ ಟ್ಯೂಬ್ ನೆನಪಾಯ್ತು. ಅದರ ದಪ್ಪ 0.9 ಮಿ.ಮೀ. ಇತ್ತು. ಸುತ್ತಲೂ ಒಂದು ಸುತ್ತು ಹಾಕಿದರೆ ಎತ್ತರ 16.2ರಿಂದ ಸರಿಯಾಗಿ 18. ಪಂಕ್ಚರ್ ಸಲ್ಯೂಷನ್ ಎರಡೂ ಕಡೆ ಹಚ್ಚಿ, ಐದು ನಿಮಿಷ ಬಿಟ್ಟು, ಬೆರಳಿಗೆ ಸ್ವಲ್ಪ ಅಂಟುವ ಹೊತ್ತಿಗೆ ಒತ್ತಿದೆ. ಚೆನ್ನಾಗಿ ಹಿಡಿಯಿತು. ಆದರೆ ಸಲ್ಯೂಷನ್ ಒಂದು ಹನಿ ರಿಮ್ ಮೇಲೆ ಬಿದ್ದು ಅಲ್ಲಿನ ಬೆಳ್ಳಿ ಬಣ್ಣ ಎದ್ದು ಬಂತು. ರಿಮ್ ಬಿಚ್ಚಿಟ್ಟು ಮಾಡಬೇಕಿತ್ತು, ಸೋಮಾರಿತನ.

ಇದರ ಮುಖ್ಯ ತೊಂದರೆ ಎರಡು. ಸುತ್ತಿದ ಟ್ಯೂಬ್‌ನ ಎರಡು ತುದಿ ಸೇರುವ ಕಡೆ ಗೆರೆ ಕಾಣುತ್ತದೆ. ಅದನ್ನು ನೆಲದ ಕಡೆ ತಿರುಗಿಸಿ ಮುಚ್ಚಬಹುದು, ಅಡ್ಡಿಯಿಲ್ಲ. ಎರಡನೆಯದು ಹೆಚ್ಚು ಕೆಟ್ಟದ್ದು: ಸೈಡ್‌ವಾಲ್‌ನಲ್ಲಿ (ಟೈರ್‌ನ ಪಕ್ಕದ ಗೋಡೆ) ಎರಡು ಪದರ ಕಾಣುತ್ತದೆ, ಕೆಳಗೆ ಹೊಳಪು ಪ್ಲಾಸ್ಟಿಕ್, ಮೇಲೆ ಮಂಕು ರಬ್ಬರ್. ಬಣ್ಣ ಹೊಡೆದು ಸರಿ ಮಾಡೋಣ ಅಂದರೆ ಆಟಿಕೆ ಟೈರ್‌ನ ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಮೇಲೆ ಎನಾಮೆಲ್ ಬಣ್ಣ ಒಣಗೋದೇ ಇಲ್ಲ. ಪಿವಿಸಿ ಮೆತ್ತಗಿರಲಿ ಅಂತ ಅದರಲ್ಲಿ ಎಣ್ಣೆಯಂಥ ಪ್ಲಾಸ್ಟಿಸೈಜರ್ ಹಾಕಿರುತ್ತಾರೆ. ಅದು ನಿಧಾನಕ್ಕೆ ಹೊರಗೆ ಬರುತ್ತಾ ಬಣ್ಣವನ್ನು ಅಂಟಂಟು ಮಾಡುತ್ತದೆ. ತಿಂಗಳಾದ ಮೇಲೂ ನನ್ನ ಹೆಬ್ಬೆರಳಿನ ಗುರುತು ಮೂಡುತ್ತಿತ್ತು. ಅಕ್ರಿಲಿಕ್ ಬಣ್ಣವೇ ಬೇಕು.

ಈ ಪ್ಲಾಸ್ಟಿಸೈಜರ್ ಬಗ್ಗೆ ಇನ್ನೊಂದು ಎಚ್ಚರಿಕೆ. ಬಿಡಿಭಾಗದ ಕಿಟ್ ತಂದು ಕಾರು ಜೋಡಿಸುವವರಿಗೆ ಇದು ಹಳೇ ಶತ್ರು. ಮೆತ್ತನೆ ವಿನೈಲ್ (ಪಿವಿಸಿಯೇ) ಟೈರ್ ಪಾಲಿಸ್ಟೈರೀನ್ ಪ್ಲಾಸ್ಟಿಕ್ ರಿಮ್‌ಗೆ ವರ್ಷಗಟ್ಟಲೆ ತಾಗಿಕೊಂಡಿದ್ದರೆ ರಿಮ್ಮನ್ನೇ ಕರಗಿಸಿಬಿಡುತ್ತದೆ. ನನ್ನ ಹಳೆಯ ಒಂದು ಕಾರು ಪಾರದರ್ಶಕ ಡಬ್ಬಿಯ ತಳಕ್ಕೆ ನಾಲ್ಕು ಗುಂಡಿ ಕೊರೆದು ಕೂತಿತ್ತು. ರಿಮ್‌ಗೂ ಟೈರ್‌ಗೂ ನಡುವೆ ತೆಳು ಅಲ್ಯೂಮಿನಿಯಂ ಹಾಳೆ ಸುತ್ತಿದರೆ ತಡೆಯಬಹುದು.

ಮುಂದಿನ ಎಡಗಾಲಿಗೆ ಒ-ರಿಂಗ್, ಅಂದರೆ ಮಷಿನ್‌ಗೆ ಹಾಕುವ ರಬ್ಬರ್ ಬಳೆ. ಇದಕ್ಕೆ ಬೆಳಗಾವಿಗಿಂತ ಒಳ್ಳೆ ಊರು ಬೇಕಾ? ಮೂರನೇ ರೈಲ್ವೆ ಗೇಟ್ ದಾಟಿ ಉದ್ಯಮಬಾಗಕ್ಕೆ ಹೋದರೆ ಫೌಂಡ್ರಿ, ಹೈಡ್ರಾಲಿಕ್, ಲೇಥ್, ಗ್ರೈಂಡಿಂಗ್ ಇವೇ. ಹೈಡ್ರಾಲಿಕ್ ಇದ್ದ ಕಡೆ ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಬಳೆ ಇದ್ದೇ ಇರುತ್ತದೆ. ಆಯಿಲ್ ಸೀಲ್ ಮಾರುವ ಅಂಗಡಿಗೆ ಹೋಗಿ ವರ್ನಿಯರ್ ಹಿಡಿದು ನಿಂತೆ. "ಯಾವ ಮಷಿನ್ನಿಗ್ರಿ?" ಎಂದರು. ಅಂಬಾಸಡರ್‌ಗೆ ಅಂದೆ. "ಅದರಾಗ ಎಲ್ಲಿ ಬರತೈತ್ರಿ ಇದು?" ಅಂದರು. ಜೇಬಿನಿಂದ ಕಾರು ತೆಗೆದು ತೋರಿಸಿದೆ. ಆ ಮೇಲೆ ಅಂಗಡಿಯವರೇ ಡಬ್ಬಿ ಡಬ್ಬಿ ಇಳಿಸಿ ಹುಡುಕಲು ಕೂತರು, ಹಿಂದೆ ನಿಂತ ಗಿರಾಕಿಗಳು ಕಾಯಬೇಕಾಯ್ತು.

ಮೊದಲು ತಂದದ್ದು ಒಳವ್ಯಾಸ 10.69, ದಪ್ಪ 3.53. ಇದು ಸ್ಟ್ಯಾಂಡರ್ಡ್ ಸೈಜ್, ಎಲ್ಲಾ ಕಡೆ ಸಿಗುತ್ತದೆ. ಹೊರಗಿನ ಅಳತೆ 17.75 ಬರುತ್ತದೆ. ಆಹಾ, 18ಕ್ಕೆ ಕಾಲು ಮಿ.ಮೀ. ಕಡಿಮೆ, ಸಾಕು ಅಂದುಕೊಂಡೆ. ತಪ್ಪಾಯ್ತು. ಒ-ರಿಂಗ್ ಕೊಯ್ದರೆ ಒಳಗೆ ಪೂರಾ ದುಂಡು. ಹಾಗೇ ಹಾಕಿದರೆ ಮೊಪೆಡ್ ಟೈರ್ ಥರ ಕಾಣುತ್ತದೆ. ತಲೆ ಚಪ್ಪಟೆ ಮಾಡಬೇಕು. ಅದೇ ಬೋಲ್ಟ್, ಅದೇ ಡ್ರಿಲ್, ಮರದ ಪಟ್ಟಿಗೆ 120 ನಂಬರ್ ಸ್ಯಾಂಡ್ ಪೇಪರ್ ಅಂಟಿಸಿ ಒತ್ತಿ ಹಿಡಿದೆ. ಎರಡೂವರೆ ಮಿ.ಮೀ. ಚಪ್ಪಟೆ ಆಗುವ ಹೊತ್ತಿಗೆ ಹೊರಗಿನ ಅಳತೆ 16.8ಕ್ಕೆ ಇಳಿದಿತ್ತು. ದುಂಡಗಿನ ವಸ್ತುವಿನ ತಲೆ ಚಪ್ಪಟೆ ಮಾಡಲು ಎಷ್ಟು ತೆಗೆಯಬೇಕು ಅಂತ ಒಂದು ಸಲ ಕಾಗದದ ಮೇಲೆ ಲೆಕ್ಕ ಹಾಕಿದ್ದರೆ ಇದು ಮೊದಲೇ ಗೊತ್ತಾಗುತ್ತಿತ್ತು. ಇಡೀ ಟೇಬಲ್, ನನ್ನ ಮೂಗು, ಒಣಹಾಕಿದ್ದ ಅಮ್ಮನ ಸೀರೆ, ಎಲ್ಲಾ ಕರಿ. ಬೈಸಿಕೊಂಡೆ. ಇದನ್ನು ಮನೆ ಹೊರಗೆ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಮಾಡುವ ಕೆಲಸ.

ಮತ್ತೆ ಹೋಗಿ 11 ಒಳವ್ಯಾಸ, 4 ದಪ್ಪದ್ದು ತಂದೆ. ಹೊರಗೆ 19. ಸುತ್ತ ಅರ್ಧ ಮಿ.ಮೀ. ಉಜ್ಜಿದರೆ ಹೊರಗೆ 18, ತಲೆ ಚಪ್ಪಟೆ 2.6, ಹೊಟ್ಟೆ 4. ಅಟ್ಟದ ಸ್ಟೆಪ್ನಿಯ ಪಕ್ಕ ಹಿಡಿದು ನೋಡಿದೆ, ಅದೇ ಆಕಾರ. ಭುಜದ ದುಂಡು ತಾನಾಗೇ ಉಳಿದಿದೆ, ಹೊಟ್ಟೆ ತಾನಾಗೇ ಉಬ್ಬಿದೆ. ಉಜ್ಜಿದ ಕಡೆ ರಬ್ಬರ್ ಮಂಕಾಗಿ ಬೂದಿ ಬಣ್ಣ ತಿರುಗಿತ್ತು, ರಸ್ತೆ ಮೇಲೆ ಓಡಿದ ಟೈರ್ ಹೇಗಿರುತ್ತದೋ ಹಾಗೇ. ಬಣ್ಣವೇ ಬೇಡ. ಡ್ರಿಲ್ ತಿರುಗುವಾಗ ಕಂಪಾಸ್ ಮುಳ್ಳು ತಾಗಿಸಿ ಸೈಡ್‌ವಾಲ್ ಮೇಲೆ ಒಂದು ಸಣ್ಣ ಗೆರೆ, ತಲೆ ಮೇಲೆ ಮೂರು ಗೆರೆ ಎಳೆದೆ. ನಾಲ್ಕು ರಿಂಗ್‌ಗೆ ನಾನು ಕೊಟ್ಟದ್ದು 40 ರೂಪಾಯಿ. ಹಾಳು ಮಾಡಿದ ಮೊದಲ ಸೆಟ್ ಸೇರಿಸಿದರೆ 70.

ಹಿಂದಿನ ಬಲಗಾಲಿಗೆ ಲೇಥ್ ಮೇಲೆ ತಿರುಗಿಸಿದ್ದು. ನಿಜ ಹೇಳಬೇಕೆಂದರೆ ನನಗೆ ಇದರ ಮೇಲೆ ಬಹಳ ಆಸೆ ಇತ್ತು. ರಬ್ಬರ್ ಲೇಥ್ ಮೇಲೆ ನಿಲ್ಲೋದಿಲ್ಲ, ಟೂಲ್ ತಾಗಿದರೆ ಹಿಂದಕ್ಕೆ ಬಾಗುತ್ತದೆ. ಅದಕ್ಕೇ ಡೆಲ್ರಿನ್ ಎಂಬ ಗಟ್ಟಿ ಪ್ಲಾಸ್ಟಿಕ್‌ನ ಕಪ್ಪು ರಾಡ್ ತೆಗೆದುಕೊಂಡು ಹೋದೆ. ಉದ್ಯಮಬಾಗದಲ್ಲಿ ಒಂದೇ ವಾಕ್ಯ ಕನ್ನಡದಲ್ಲಿ ಶುರುವಾಗಿ ಮರಾಠಿಯಲ್ಲಿ ಮುಗಿಯುತ್ತದೆ. ಟರ್ನರ್ ನನ್ನ ಕಾಗದದ ಮೇಲಿನ ಡ್ರಾಯಿಂಗ್ ನೋಡಿ, "ಗಡಿಯಾರದ ಸಾಮಾನೇನ್ರಿ ಇದು?" ಎಂದು ನಕ್ಕರು. ಆದರೆ ಕೆಲಸ ಶುರುವಾದ ಮೇಲೆ ನಗಲಿಲ್ಲ. ಗ್ರಿಪ್ಪಿನ ಗೆರೆಗೆ ಅಂತಲೇ ಒಂದು ಹಳೇ ಟೂಲನ್ನು ಗ್ರೈಂಡರ್‌ಗೆ ಹಿಡಿದು 0.3 ಮಿ.ಮೀ.ಗೆ ಚೂಪು ಮಾಡಿಕೊಂಡರು. ಇಂಥ ಜನ ಇರುವ ಊರಲ್ಲಿ ಹುಟ್ಟಿದ್ದೇ ಪುಣ್ಯ.

ಅಳತೆ? 18.05. ನಾಲ್ಕು ಕಡೆ ಅಳೆದರೂ 18.05. ತಿರುಗಿಸಿದರೆ ಒಂದು ಕೂದಲೆಳೆಯೂ ಅಲ್ಲಾಡೋದಿಲ್ಲ. ಆದರೆ ಕಾರಿಗೆ ಹಾಕಿದ ಕೂಡಲೇ ಗೊತ್ತಾಯ್ತು, ಇದು ಟೈರ್ ಅಲ್ಲ, ಮಷಿನ್ನಿನ ಬುಷ್. ಎಲ್ಲಾ ಅಂಚೂ ಬಹಳ ಚೊಕ್ಕ. ಬೆಳಕು ಬಿದ್ದರೆ ಗೆರೆ ಹೊಳೆಯುತ್ತದೆ. 400 ನಂಬರ್ ವಾಟರ್ ಪೇಪರ್ ಹಚ್ಚಿ ಮಂಕು ಮಾಡಿದೆ, ಸ್ವಲ್ಪ ಪರವಾಗಿಲ್ಲ. ಬಣ್ಣ ಹೊಡೆಯೋಣ ಅಂದರೆ ಡೆಲ್ರಿನ್‌ಗೆ ಬಣ್ಣ ಹಿಡಿಯೋದಿಲ್ಲ. ಅದರ ಗುಣವೇ ಜಾರೋದು, ಅದಕ್ಕೇ ಅದನ್ನು ಗೇರ್, ಬುಷ್‌ಗೆ ಬಳಸೋದು. ಉಗುರು ತಾಗಿದರೆ ಬಣ್ಣ ಸಿಪ್ಪೆ ಏಳುತ್ತದೆ. ಒಂದಕ್ಕೆ 150 ರೂಪಾಯಿ ಕೊಟ್ಟೆ, ಅವರ ಸಮಯಕ್ಕೆ ಅದು ಕಡಿಮೆಯೇ. ನಾಲ್ಕೂ ಮಾಡಿಸುವ ಧೈರ್ಯ ಬರಲಿಲ್ಲ.

ಹಿಂದಿನ ಎಡಗಾಲಿಗೆ ತ್ರೀಡಿ ಪ್ರಿಂಟ್. ನಮ್ಮ ಅಕ್ಕನ ಮಗ ಇಂಜಿನಿಯರಿಂಗ್ ಓದುತ್ತಾನೆ, ಅವನ ಗೆಳೆಯನ ಹತ್ತಿರ ರೆಸಿನ್ (ಬೆಳಕಿಗೆ ಗಟ್ಟಿಯಾಗುವ ದ್ರವ ಪ್ಲಾಸ್ಟಿಕ್) ಪ್ರಿಂಟರ್ ಇದೆ. ಅಟ್ಟದ ಸ್ಟೆಪ್ನಿಯ ಫೋಟೋ ನೋಡಿ ಹುಡುಗರಿಬ್ಬರೂ ರಾತ್ರಿಯೆಲ್ಲಾ ಕೂತು ಕಂಪ್ಯೂಟರ್‌ನಲ್ಲಿ ಟೈರ್ ಬಿಡಿಸಿದರು. ಹಳೇ ಟೈರ್‌ನ ಹಾವಿನಂಥ ಅಂಕುಡೊಂಕು ಗ್ರಿಪ್, ಸೈಡ್‌ವಾಲ್ ಮೇಲಿನ ಅಕ್ಷರ, ಗಾಳಿ ತುಂಬುವ ವಾಲ್ವ್ ಕೂಡ. ಸ್ಕ್ರೀನ್ ಮೇಲೆ ನೋಡಿದಾಗ ಬಾಯಿ ಬಿಟ್ಟೆ.

ಪ್ರಿಂಟ್ ಆಗಿ ಬಂದ ಮೇಲೆ ಲೆಕ್ಕ ಹಾಕಿದೆ. ನಿಜ ಟೈರ್‌ನಲ್ಲಿ ಗೆರೆಯ ಅಗಲ 5 ಮಿ.ಮೀ. ಅಂದುಕೊಳ್ಳಿ. 36ರಿಂದ ಭಾಗಿಸಿದರೆ 0.14. ಆ ಪ್ರಿಂಟರ್‌ನ ಒಂದು ಚುಕ್ಕೆಯೇ 0.05. ಅಂದರೆ ಇಡೀ ಗೆರೆಗೆ ಮೂರು ಚುಕ್ಕೆ. ಆಳವೂ ಅಷ್ಟೇ, 8 ಮಿ.ಮೀ. ಆಳದ ಹೊಸ ಗ್ರಿಪ್ ಇಲ್ಲಿ 0.22. ಒಂದು ಕೋಟ್ ಬಣ್ಣ ಹೊಡೆದರೆ ಅರ್ಧ ಮುಚ್ಚಿಹೋಗುತ್ತದೆ. ಹೋಯ್ತು ಕೂಡ. ಎರಡನೇ ಸಲ ಹುಡುಗರು ಗೆರೆಯನ್ನು ಬೇಕಂತಲೇ ಒಂದೂವರೆ ಪಟ್ಟು ಅಗಲ, ಎರಡು ಪಟ್ಟು ಆಳ ಮಾಡಿದರು. ಆಗ ಸರಿಯಾಗಿ ಕಂಡಿತು. ಅಳತೆಯ ಪ್ರಕಾರ ತಪ್ಪು, ಕಣ್ಣಿಗೆ ಸರಿ.

ಒಳ್ಳೆಯದೆಂದರೆ ಅಚ್ಚಿಸುವಾಗಲೇ ಟೈರ್ ಕೆಳಗೆ ಸ್ವಲ್ಪ ಕೂತ ಹಾಗೆ, ಹೊಟ್ಟೆ ಉಬ್ಬಿದ ಹಾಗೆ ಮಾಡಬಹುದು. ಕೆಟ್ಟದ್ದು, ಅಚ್ಚಿಸುವಾಗ ಆಧಾರಕ್ಕೆ ಇರುವ ಸಪೋರ್ಟ್ ಕಡ್ಡಿ ಮುರಿದ ಕಡೆ ಮೊಡವೆಯಂಥ ಗುರುತು ಉಳಿಯುತ್ತದೆ. ಒಂದು ಟೈರ್ ರಿಮ್‌ಗೆ ಒತ್ತುವಾಗ ಟಕ್ ಅಂತ ಎರಡಾಯ್ತು. ಗಟ್ಟಿಯಾಗದ ರೆಸಿನ್ ಕೈಗೆ ತಾಗಿದರೆ ತುರಿಕೆ, ಗ್ಲೌಸ್ ಬೇಕೇ ಬೇಕು. ಐದು ಟೈರ್‌ಗೆ ಹುಡುಗರು 300 ತೆಗೆದುಕೊಂಡರು, ಜೊತೆಗೆ ಅರ್ಧ ಕಿಲೋ ಕುಂದಾ.

ಐದನೇ ಪ್ರಯೋಗವೂ ಇದೆ, ಅದು ಡಿಕ್ಕಿಯಲ್ಲಿದೆ. ಅಂಬಾಸಡರ್ ಅಂದ ಮೇಲೆ ಸ್ಟೆಪ್ನಿ ಬೇಕಲ್ವಾ? (ಈ ಹೆಸರು ಬಂದದ್ದು ವೇಲ್ಸ್ ದೇಶದ ಲನೆಲ್ಲಿ ಎಂಬ ಊರಿನ ಸ್ಟೆಪ್ನಿ ಬೀದಿಯಿಂದ, ಹೆಚ್ಚುವರಿ ಗಾಲಿ ಮಾಡುವ ಕಂಪನಿ ಅಲ್ಲಿತ್ತು. ಅಲ್ಲಿಯ ಜನ ಆ ಪದ ಮರೆತರು, ನಮ್ಮ ಪಂಕ್ಚರ್ ಅಂಗಡಿಗಳು ಮರೆಯಲಿಲ್ಲ.) ಅಚ್ಚು ಮಾಡಿ ಎರಕ ಹೊಯ್ದರೆ ಒಂದರಿಂದ ನೂರು ಮಾಡಬಹುದು ಅಂತ ಆಸೆ. ಚೆನ್ನಾಗಿ ಬಂದಿದ್ದ ಒ-ರಿಂಗ್ ಇಟ್ಟು ಸುತ್ತ ಸಿಲಿಕೋನ್ ಸುರಿದೆ. ಮರುದಿನ ನೋಡಿದರೆ ಹೊರಗೆ ಗಟ್ಟಿ, ರಬ್ಬರ್ ತಾಗಿದ ಕಡೆ ಎಲ್ಲಾ ಲೋಳೆ. ಕಾರಣ ಆಮೇಲೆ ಗೊತ್ತಾಯ್ತು. ರಬ್ಬರ್ ಹದ ಮಾಡಲು ಗಂಧಕ ಹಾಕಿರುತ್ತಾರೆ, ಪ್ಲಾಟಿನಂ ಥರದ ಸಿಲಿಕೋನ್‌ಗೆ ಗಂಧಕ ಕಂಡರೆ ಆಗೋದಿಲ್ಲ, ಗಟ್ಟಿಯಾಗೋದನ್ನೇ ನಿಲ್ಲಿಸಿಬಿಡುತ್ತದೆ. ಟಿನ್ ಥರದ್ದಾದರೆ ಈ ಕಾಟವಿಲ್ಲ.

ಎರಡನೇ ಸಲ ಲೇಥ್‌ನ ಡೆಲ್ರಿನ್ ಟೈರ್ ಇಟ್ಟೆ. ಅಚ್ಚು ಕನ್ನಡಿಯ ಹಾಗೆ ಬಂತು, ಯಾವುದೂ ಅಂಟದ ಡೆಲ್ರಿನ್ ಇಲ್ಲಿ ಉಪಕಾರಕ್ಕೆ ಬಂತು. ಖುಷಿಯಲ್ಲಿ ಕಪ್ಪು ಪಾಲಿಯುರೆಥೇನ್ (ಕಲೆಸಿದರೆ ಗಟ್ಟಿಯಾಗುವ ದ್ರವ ಪ್ಲಾಸ್ಟಿಕ್) ಕಲೆಸಿ ಸುರಿದೆ. ಆಗ ಜುಲೈ ತಿಂಗಳು. ಬೆಳಗಾವಿಯ ಜುಲೈ ಗೊತ್ತಲ್ಲ, ಬಟ್ಟೆ ವಾರವಾದರೂ ಒಣಗೋದಿಲ್ಲ, ಗೋಡೆ ಬೆವರುತ್ತದೆ. ಪಾಲಿಯುರೆಥೇನ್‌ಗೆ ತೇವ ತಾಗಿದರೆ ಒಳಗೇ ಗ್ಯಾಸ್ ಹುಟ್ಟುತ್ತದೆ. ಅಚ್ಚು ಬಿಚ್ಚಿದರೆ ಕರಿ ಧೋಕ್ಲಾ. ಅದನ್ನು ಡಿಕ್ಕಿಯಲ್ಲಿ ಹಾಕಿ ಮುಚ್ಚಿದ್ದೇನೆ, ನಾನೊಬ್ಬನೇ ನೋಡಬೇಕು ಅದನ್ನ. ಬೇಸಿಗೆಯಲ್ಲಿ ಮತ್ತೆ ನೋಡೋಣ.

ನಾಲ್ಕೂ ಟೈರ್ ಹಾಕಿ ಕಾರನ್ನು ಗಾಜಿನ ಮೇಲೆ ಇಟ್ಟೆ. ಒಂದು ಕಾಲು ಗಿಡ್ಡವಾದ ಸ್ಟೂಲಿನ ಹಾಗೆ ಕುಣಿಯಿತು. ಹತ್ತನೇ ಒಂದು ಮಿ.ಮೀ. ವ್ಯತ್ಯಾಸವಿದ್ದರೂ ನಾಲ್ಕು ಗಾಲಿ ಒಟ್ಟಿಗೆ ನೆಲ ಮುಟ್ಟೋದಿಲ್ಲ. ಇದಕ್ಕೆ ಮದ್ದು, ನಿಜ ಟೈರ್‌ನಲ್ಲೂ ಆಗುವಂಥದ್ದೇ: ಕೆಳಭಾಗ ಚಪ್ಪಟೆ ಮಾಡೋದು. ನಿಜವಾದ ಕಾರಿನ ಭಾರಕ್ಕೆ ಟೈರ್ ಒಂದು ಸೆಂಟಿಮೀಟರ್‌ನಷ್ಟು ಕೂರುತ್ತದೆ. ಇಲ್ಲಿಗೆ ಅದು 0.3 ಮಿ.ಮೀ. ಅಷ್ಟು ಉಜ್ಜಿದರೆ ಸುಮಾರು 4.6 ಮಿ.ಮೀ. ಉದ್ದದ ಸಮತಟ್ಟು ಬರುತ್ತದೆ. ಗಾಜಿನ ಮೇಲೆ ವಾಟರ್ ಪೇಪರ್ ಅಂಟಿಸಿ, ಕಾರನ್ನು ಹಿಡಿದು ಮುಂದೆ ಹಿಂದೆ ಎಳೆದೆ, ಗಾಲಿ ತಿರುಗದಂತೆ ಎಕ್ಸೆಲ್‌ಗೆ ಟೇಪ್ ಸುತ್ತಿ. ಹತ್ತು ನಿಮಿಷದ ಕೆಲಸ. ಆದರೆ ಇಡೀ ಹೋಲಿಕೆಯಲ್ಲಿ ಕಾರಿನ ರೂಪ ಅತಿ ಹೆಚ್ಚು ಬದಲಾದದ್ದು ಈ ಹತ್ತು ನಿಮಿಷದಲ್ಲಿ. ಅಲ್ಲಿಯವರೆಗೆ ಆಟಿಕೆ ನೆಲದ ಮೇಲೆ ಇಟ್ಟ ಹಾಗಿತ್ತು, ಆಮೇಲೆ ಭಾರದ ಕಾರು ನಿಂತ ಹಾಗಾಯ್ತು. ಯಾವ ಟೈರ್ ಬಳಸಿದರೂ ಇದನ್ನು ಬಿಡಬೇಡಿ.

ಅಂದ ಹಾಗೆ, ಅಗಲ ಕಡಿಮೆ ಮಾಡಿದ ಮೇಲೆ ಗಾಲಿಯನ್ನು ಹೊರಗೂ ಒಳಗೂ ಸರಿಸಿ ನೋಡಿ. ಅಂಬಾಸಡರ್‌ನಲ್ಲಿ ಟೈರ್ ಮಡ್‌ಗಾರ್ಡ್‌ನ ಅಂಚಿಗಿಂತ ಚೂರು ಒಳಗೇ ಇರುತ್ತದೆ, ಅದರಲ್ಲೂ ಹಿಂದಿನದು ಅರ್ಧ ಅಡಗಿದ ಹಾಗೆ. ಎತ್ತರ ಹೆಚ್ಚಿದ್ದರಿಂದ ಬಾಡಿಯ ಒಳಗೆ ತಿಕ್ಕುತ್ತಿತ್ತು, ಬ್ಲೇಡ್‌ನಿಂದ ಕೆರೆದು ಜಾಗ ಮಾಡಿದೆ.

ಬಣ್ಣ. ಟೈರ್ ಕಪ್ಪಲ್ಲ. ಕಾರು ನಿಲ್ಲಿಸಿದ ಕಡೆ ಹೋಗಿ ನೋಡಿ, ಅದು ಕಡು ಬೂದಿ. ತಮಿಯಾ ಕಂಪನಿಯ ಅಕ್ರಿಲಿಕ್ ಬಣ್ಣ ಎಕ್ಸ್‌ಎಫ್-85 ರಬ್ಬರ್ ಬ್ಲ್ಯಾಕ್ ಚೆನ್ನಾಗಿದೆ, ಪ್ರಿಂಟ್‌ಗೂ ಸೈಕಲ್ ಟ್ಯೂಬ್‌ದಕ್ಕೂ ಅದನ್ನೇ ಹೊಡೆದೆ. ಮೇಲೆ ಧೂಳು. ನಮ್ಮ ಕಡೆ ಇದೊಂದು ಮಜಾ: ಖಾನಾಪುರದ ಕಡೆ ಹೋದರೆ ಕೆಂಪು ಮಣ್ಣು, ಬೈಲಹೊಂಗಲದ ಕಡೆ ಹೋದರೆ ಎರೆಮಣ್ಣು. ಟೈರ್ ನೋಡಿ ಕಾರು ಎಲ್ಲಿಂದ ಬಂತು ಹೇಳಬಹುದು. ಖಾನಾಪುರ ರಸ್ತೆಯ ಮಣ್ಣನ್ನೇ ತಂದು ಪಂಚೆ ಬಟ್ಟೆಯಲ್ಲಿ ಸೋಸಿ ಹಚ್ಚಿದೆ. ಕಲ್ಲುಬಂಡೆ ಅಂಟಿದ ಹಾಗೆ ಕಂಡಿತು. 1/36ರಲ್ಲಿ ಸೋಸಿದ ಮಣ್ಣಿನ ಕಣವೂ ದಪ್ಪವೇ. ಕೆಂಪು ಪೇಸ್ಟಲ್ ಚಾಕ್ ಕೆರೆದ ಪುಡಿ ಸರಿಯಾಗಿ ಕೂತಿತು.

ಈಗ ಕಾಕಾನ ತೀರ್ಪು. ಯಾವುದು ಯಾವುದೆಂದು ಹೇಳದೆ ಕೊಟ್ಟೆ. ಮುಂದಿನ ಬಲಗಾಲಿ ನೋಡಿ ಒಂದೇ ಕ್ಷಣದಲ್ಲಿ, "ಇದು ರೀಸೋಲ್ ಹೊಡೆದದ್ದು" ಎಂದರು, ಅಂದರೆ ಸವೆದ ಟೈರ್ ಮೇಲೆ ಹೊಸ ರಬ್ಬರ್ ಕೂರಿಸಿದ್ದು. ನಾನು ನಗು ತಡೆಯಲಾರದೆ ಸೈಕಲ್ ಟ್ಯೂಬ್ ಕಥೆ ಹೇಳಿದೆ. ಲೇಥ್‌ನದ್ದನ್ನು ಉಗುರಿನಿಂದ ತಟ್ಟಿ, "ಇದು ಬೇರಿಂಗ್, ಟೈರ್ ಅಲ್ಲ." ಪ್ರಿಂಟ್ ಆದದ್ದನ್ನು ಬಹಳ ಹೊತ್ತು ನೋಡಿದರು, ಅಕ್ಷರ ಓದಲು ಹೋದರು. "ಭಾರಿ ಮಾಡ್ಯಾರ. ಆದ್ರ ಇದು ಅಂಗಡಿಯಿಂದ ಈಗ ತಂದದ್ದು, ಓಡಿದ್ದಲ್ಲ." ಒ-ರಿಂಗ್ ಬಗ್ಗೆ ಏನೂ ಹೇಳಲಿಲ್ಲ. ಕೇಳಿದ್ದಕ್ಕೆ, "ಅದಕ್ಕೇನಾಗೇತಿ? ಅದು ಸರಿ ಐತಲ್ಲ" ಎಂದರು.

ಒ-ರಿಂಗ್ ಗೆದ್ದದ್ದು ಹಾಗೆ. ಕಣ್ಣಿಗೆ ಬೀಳದೆ.

ನನ್ನ ಅಭಿಪ್ರಾಯವೂ ಅದೇ, ಆದರೆ ಒಂದು ಆದರೆ ಇದೆ. ಫೋನಿನಲ್ಲಿ ತೀರಾ ಹತ್ತಿರದಿಂದ ಫೋಟೋ ತೆಗೆದರೆ ಪ್ರಿಂಟ್ ಟೈರ್ ಮುಂದೆ ಉಳಿದ ಮೂರೂ ಸಪ್ಪೆ. ಫೋಟೋ ಹಾಕೋದೇ ನಿಮ್ಮ ಉದ್ದೇಶವಾದರೆ ಪ್ರಿಂಟ್ ಮಾಡಿಸಿ. ಕಪಾಟಿನಲ್ಲಿ ಇಟ್ಟು ಒಂದು ಮೊಳ ದೂರದಿಂದ ನೋಡುವುದಾದರೆ ಗ್ರಿಪ್ ಕಾಣೋದೇ ಇಲ್ಲ, ಕಾಣೋದು ಎತ್ತರ, ಅಗಲ, ಭುಜದ ದುಂಡು, ಕೂತ ರೀತಿ. ಅಲ್ಲಿ 10 ರೂಪಾಯಿಯ ರಬ್ಬರ್ ಬಳೆ ಸಾಕು. ಲೇಥ್ ದಾರಿಯನ್ನು ಟೈರ್‌ಗೆ ಹಿಡಿಯಬೇಡಿ, ರಿಮ್‌ಗೆ ಹಿಡಿಯಿರಿ. ಅಲ್ಯೂಮಿನಿಯಂ ರಿಮ್ ತಿರುಗಿಸಿಕೊಟ್ಟರೆ ಅದಕ್ಕೆ ಸಾಟಿಯಿಲ್ಲ. ಸೈಕಲ್ ಟ್ಯೂಬ್ ದಾರಿ ಕೈಯಲ್ಲಿ ದುಡ್ಡಿಲ್ಲದ ಹುಡುಗರಿಗೆ. ಮಾಡುವಾಗ ಸಿಗುವ ಮಜಾ ಬೇರೆ ಯಾವುದರಲ್ಲೂ ಸಿಗಲಿಲ್ಲ.

ಇದೆಲ್ಲಾ ಹಳೇ ಕಾರಿನ ಮಾತು. ಅಂಬಾಸಡರ್, ಪದ್ಮಿನಿ, ಜೀಪು, ಇವುಗಳ ಸಣಕಲು ಟೈರ್‌ಗೆ ಒ-ರಿಂಗ್ ಒಪ್ಪುತ್ತದೆ. ಮಾರುತಿ 800ಕ್ಕೆ ಹಾಕಲು ಹೋಗಬೇಡಿ. ಅದರ ಟೈರ್ 145/70 ಆರ್12, ಅಂದರೆ ಅಗಲ 145 ಮಿ.ಮೀ., ಗೋಡೆಯ ಎತ್ತರ ಅದರ ನೂರಕ್ಕೆ 70, ರಿಮ್ 12 ಇಂಚು. ಲೆಕ್ಕ ಹಾಕಿದರೆ ಎತ್ತರ ಸುಮಾರು 508 ಮಿ.ಮೀ., 1/24 ಕಾರಿಗೆ 21.2 ಎತ್ತರ, 6 ಅಗಲ. ರೇಡಿಯಲ್ ಟೈರ್, ತಲೆ ಅಗಲ, ಗೋಡೆ ಗಿಡ್ಡ. ದುಂಡಗಿನ ಬಳೆಯಿಂದ ಆ ಆಕಾರ ಬರಲ್ಲ. ಅಂಥದ್ದಕ್ಕೆ ಕಿಟ್‌ನಲ್ಲಿ ಬಂದ ಟೈರನ್ನೇ ಡ್ರಿಲ್‌ಗೆ ಹಾಕಿ, ನಡುವಿನ ಅಚ್ಚಿನ ಗೆರೆ ಹೋಗುವವರೆಗೆ 320 ನಂಬರ್ ಪೇಪರ್ ಹಿಡಿದರೆ ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ.

ಉಳಿದ ಮೂರು ಗಾಲಿಗೂ ಒ-ರಿಂಗ್ ಹಾಕಿ ಮೊನ್ನೆ ಮತ್ತೆ ಕಾಕಾನ ಕೈಗೆ ಕೊಟ್ಟೆ. ಅವರು ಹಾಗೇ ಕಣ್ಣಿನ ಮಟ್ಟಕ್ಕೆ ಹಿಡಿದು ಸುತ್ತಲೂ ನೋಡಿದರು. ಈ ಸಲ ಬಂಪರ್ ಕೂಡ ನೋಡಿದರು. ಕೊನೆಗೆ ಮುಂದಿನ ಎಡಗಾಲಿಯ ಹತ್ತಿರ ಬೆರಳಿಟ್ಟರು.

"ನಮ್ಮ ಗಾಡೀದು ಈ ಟೈರ್ ಒಳಗಡೆ ತಿಂತಿತ್ತಲ್ಲೋ. ಎಷ್ಟ ಸಲ ಅಲೈನ್‌ಮೆಂಟ್ ಮಾಡಿಸಿದ್ರೂ ಕೇಳಲಿಲ್ಲ."

ಈಗ ಆ ಒಂದು ಟೈರ್ ಬಿಚ್ಚಿ, ಒಳಭುಜಕ್ಕೆ 400 ನಂಬರ್ ಪೇಪರ್ ಹಿಡಿದು ಕೂತಿದ್ದೇನೆ.